ಹೊಕ್ಕುಳಬಳ್ಳಿ ಕೋಶಗಳ ವೆಸಿಕಲ್: ಮೂರನೇ ಬ್ಯಾಚ್

ಹೊಕ್ಕುಳಬಳ್ಳಿಯ ಮೀಸೆಂಕೈಮಲ್ ಆಕರಕೋಶಗಳು (ಸ್ಟೆಮ್ ಸೆಲ್) ಹೊರಬಿಡುವ ವೆಸಿಕಲ್‌ಗಳಿಂದ, ಅಂದರೆ ಪೊರೆಯ ಪುಟ್ಟ ಚೀಲಗಳಿಂದ, ತಟ್ಟೆಯಲ್ಲಿ ಬೆಳೆಸಿದ ಚರ್ಮದ ಫೈಬ್ರೋಬ್ಲಾಸ್ಟ್ (ಜೋಡಣಾ ಅಂಗಾಂಶದ ಕೋಶ) ಪದರದಲ್ಲಿ ಎಳೆದ ಗೀರು ಬೇಗ ಮುಚ್ಚುತ್ತದೆಯೇ ಎಂಬುದೇ ಈಗಲೂ ಪ್ರಶ್ನೆ. ಬೇರೆ ಮೂಲದ ಮೀಸೆಂಕೈಮಲ್ ಕೋಶಗಳ ಎಕ್ಸೋಸೋಮ್‌ಗಳಷ್ಟೇ (ಒಂದು ಬಗೆಯ ಸಣ್ಣ ವೆಸಿಕಲ್) ಇಲಿಯ ಹೃದಯದ ಹಾನಿಯನ್ನು ತಗ್ಗಿಸಬಲ್ಲವು ಎಂದು ಸಿಂಗಪುರದ ತಂಡ 2010ರಲ್ಲೇ ತೋರಿಸಿದೆ.

ಎರಡನೇ ಬ್ಯಾಚ್ ಕೆಟ್ಟದ್ದು ಕೋಶ ಬೆಳೆಸುವ ದ್ರವಕ್ಕೆ (ಮೀಡಿಯಂ) ಬೆರೆಸುವ ಸೀರಮ್‌ನಿಂದ. ಕೋಶಗಳೇ ಇಲ್ಲದ ಮೀಡಿಯಂ ಅನ್ನು ಅದೇ ರೀತಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಹಾಕಿದಾಗಲೂ ಗೀರು ಮುಚ್ಚಿತು: ಹಸುವಿನ ಸೀರಮ್‌ನಲ್ಲಿ ಅದರದೇ ವೆಸಿಕಲ್‌ಗಳಿರುತ್ತವೆ. ಹಾಗಾಗಿ ಈ ಸಲ ಫ್ಲಾಸ್ಕ್ 80% ತುಂಬಿದಾಗ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪುನೀರು) ಮೂರು ಸಲ ತೊಳೆದು, 48 ಗಂಟೆ ಸೀರಮ್ ಇಲ್ಲದೆ ಇಟ್ಟೆವು. ಅದಕ್ಕಿಂತ ಹೆಚ್ಚು ಬಿಡಬಾರದು. ಸಾಯುವ ಕೋಶಗಳ ಚೂರುಗಳೂ ವೆಸಿಕಲ್ ಲೆಕ್ಕಕ್ಕೆ ಸೇರಿಬಿಡುತ್ತವೆ.

ಸೆಂಟ್ರಿಫ್ಯೂಜ್‌ನ ಎಲ್ಲ ಸುತ್ತುಗಳೂ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ; ‘ಜಿ’ ಎಂದರೆ ಗುರುತ್ವದ ಎಷ್ಟು ಪಟ್ಟು ಎಂಬ ಲೆಕ್ಕ. 300 ಜಿ 10 ನಿಮಿಷ, 2,000 ಜಿ 20 ನಿಮಿಷ, 10,000 ಜಿ 30 ನಿಮಿಷ. ಇಲ್ಲಿಯವರೆಗೆ ಬೇಕಾದದ್ದು ಮೇಲಿನ ತಿಳಿ. ಆಮೇಲೆ 100,000 ಜಿ 70 ನಿಮಿಷ, ಪಿಬಿಎಸ್‌ನಲ್ಲಿ ತೊಳೆದು ಇನ್ನೊಮ್ಮೆ ಅಷ್ಟೇ. ಈಗ ಬೇಕಾದದ್ದು ತಳದ ಗಷ್ಟು. ಅದು ಕಣ್ಣಿಗೆ ಕಾಣುವುದೇ ಅಪರೂಪ. ಓರೆ ರೋಟರ್‌ನಲ್ಲಿ ಗಷ್ಟು ಹೊರಗೋಡೆಗೆ ಅಂಟುವುದರಿಂದ ಟ್ಯೂಬಿನ ಹೊರಬದಿಗೆ ಮೊದಲೇ ಮಾರ್ಕರ್ ಗುರುತು ಹಾಕಿ, ತಿಳಿ ತೆಗೆದ ಮೇಲೆ ಆ ಜಾಗವನ್ನೇ 100 ಮೈಕ್ರೋಲೀಟರ್ ಪಿಬಿಎಸ್‌ನಿಂದ ನಿಧಾನಕ್ಕೆ ತೊಳೆಯಬೇಕು. ನೊರೆ ಬರಿಸಬೇಡಿ.

ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ವೆಸಿಕಲ್ ಗುರುತಿನ ಪ್ರೋಟೀನ್‌ಗಳಾದ ಸಿಡಿ63, ಸಿಡಿ81, ಟಿಎಸ್‌ಜಿ101 ಚೆನ್ನಾಗಿ ಬಂದವು, ಕ್ಯಾಲ್ನೆಕ್ಸಿನ್ ಇಲ್ಲ. ಕ್ಯಾಲ್ನೆಕ್ಸಿನ್ ಕಂಡಿದ್ದರೆ ಕೋಶದೊಳಗಿನ ಪೊರೆಗಳೂ ಬೆರೆತಿವೆ ಎಂದರ್ಥ. ಕಣ ಎಣಿಸುವ ಮೊದಲು ಬರೀ ಪಿಬಿಎಸ್ ಅನ್ನೂ ಯಂತ್ರಕ್ಕೆ ಹಾಕಿ ನೋಡಿ, ಅದರಲ್ಲೂ ಕಣಗಳಿರುತ್ತವೆ.

ಗೀರು ಎಳೆಯಲು 200 ಮೈಕ್ರೋಲೀಟರ್ ಪಿಪೆಟ್ ಟಿಪ್. ಅದಕ್ಕೂ ಮುಂಚೆ ಕೋಶ ವಿಭಜನೆ ತಡೆಯುವ ಮೈಟೋಮೈಸಿನ್ ಸಿ, ಮಿಲಿಲೀಟರಿಗೆ 10 ಮೈಕ್ರೋಗ್ರಾಂ, 2 ಗಂಟೆ. ಇಲ್ಲದಿದ್ದರೆ ಕೋಶಗಳು ಸರಿದು ಬಂದವೋ, ಹೆಚ್ಚಿ ತುಂಬಿದವೋ ಹೇಳಲಾಗದು. ಡೋಸ್ ಕಣಗಳ ಸಂಖ್ಯೆಯಲ್ಲಿ, ಪ್ರೋಟೀನ್ ತೂಕದಲ್ಲಲ್ಲ.

24 ಗಂಟೆಗೆ ತಟ್ಟೆಯಲ್ಲಿ ವೆಸಿಕಲ್ ಹಾಕಿದ ಬಾವಿಗಳು (ಕುಳಿಗಳು) ಪಿಬಿಎಸ್ ಬಾವಿಗಳಿಗಿಂತ ಸ್ಪಷ್ಟವಾಗಿ ಮುಂದಿದ್ದವು. ಕೋಶವಿಲ್ಲದ ಮೀಡಿಯಂ ಈ ಬಾರಿ ಏನೂ ಮಾಡಲಿಲ್ಲ. ಇದು ನಮಗೆ ತುಂಬ ಸಮಾಧಾನದ ಸಂಗತಿ. ಆದರೆ 100,000 ಜಿ ನಂತರ ಉಳಿದ ತಿಳಿಯೂ ಗೀರನ್ನು ಸ್ವಲ್ಪ ಮುಚ್ಚಿತು. ಅಂದರೆ ಕರಗಿದ ಬೆಳವಣಿಗೆ ಪ್ರೋಟೀನ್‌ಗಳ ಕೈವಾಡವೂ ಇದೆ, ಅವು ಗಷ್ಟಿಗೂ ಅಂಟಿಕೊಂಡಿರಬಹುದು.

ನಾಲ್ಕನೇ ಬ್ಯಾಚ್ ಅನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ 10 ಮಿಲಿಲೀಟರ್ ಸೆಫರೋಸ್ ಸಿಎಲ್-2ಬಿ ಕಾಲಮ್‌ನಲ್ಲಿ ಇಳಿಸಿ, 0.5 ಮಿಲಿಲೀಟರ್‌ನಂತೆ ಹಿಡಿದು, ಮೊದಲು ಬರುವ ವೆಸಿಕಲ್ ಭಾಗವನ್ನೂ ಹಿಂದೆ ಬರುವ ಪ್ರೋಟೀನ್ ಭಾಗವನ್ನೂ ಬೇರೆ ಬೇರೆ ಬಾವಿಗಳಿಗೆ ಹಾಕುತ್ತೇವೆ. ಉಳಿದ ಮೂರನೇ ಬ್ಯಾಚ್ 25 ಮಿಲಿಮೋಲಾರ್ ಟ್ರೆಹಲೋಸ್ (ಒಂದು ಸಕ್ಕರೆ) ಬೆರೆಸಿ ಮೈನಸ್ 80 ಡಿಗ್ರಿಯಲ್ಲಿದೆ, ಒಂದೊಂದು ಪ್ರಯೋಗಕ್ಕೆ ಒಂದೊಂದು ಟ್ಯೂಬ್.