ಓಟ, ಮನೆ, ಶನಿವಾರದ ಗಮ್ಮತ್ತು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಾಸರಗೋಡಿನ ನಮ್ಮ ನೀರ್ಚಾಲು ಪೇಟೆಯಲ್ಲಿ ಬಸ್ಸಿಗೆ ಕಾಯುವಾಗಲೂ ಅದೇ, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ. "ಅಣ್ಣ, ನೀವು ಮ್ಯಾರಥಾನ್ ಓಡ್ತೀರಲ್ವಾ? ಮನೆ, ಮಕ್ಕಳು, ಕೆಲಸ ಎಲ್ಲ ಇಟ್ಟುಕೊಂಡು ಟೈಮ್ ಎಲ್ಲಿಂದ? ಗಮ್ಮತ್ತು ಪೂರ್ತಿ ಬಿಟ್ಟದ್ದಾ?" ಗಮ್ಮತ್ತು ಅಂದರೆ ನಮ್ಮಲ್ಲಿ ಗೆಳೆಯರೆಲ್ಲ ಕೂತು ಕುಡಿದು ತಿನ್ನುವುದು. ಕೇಳುವವರಲ್ಲಿ ಹೆಚ್ಚಿನವರು 35 ದಾಟಿದ ಗಂಡಸರು. ಸಕ್ಕರೆಯ ರಿಪೋರ್ಟು ಕೈಯಲ್ಲಿ ಇರುವವರೂ ಇದ್ದಾರೆ. ಸುಮ್ನೆ ಮಾತಿಗೆ ಕೇಳುವುದಲ್ಲ, ನಿಜವಾಗಿ ಗೊತ್ತಾಗಬೇಕು ಎಂದೇ ಕೇಳುತ್ತಾರೆ. ನಿಂತಲ್ಲೇ ಉತ್ತರ ಹೇಳಿ ಮುಗಿಯುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಓಟಕ್ಕೆ ಬೇಕಾದ ಹೊತ್ತನ್ನು ನಾನು ಕುಡಿತದಿಂದ ತೆಗೆದೆ. ಮನೆಯವರ ಹೊತ್ತಿಗೆ ಕೈ ಹಾಕಲಿಲ್ಲ. ನನ್ನ ಉತ್ತರ ಇಷ್ಟೇ. ಉಳಿದದ್ದೆಲ್ಲ ಅದರ ಲೆಕ್ಕ.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದಕ್ಕೆ ನಾನು ತಯಾರಿ ಮಾಡುವುದು 16 ವಾರ. ವಾರಕ್ಕೆ 4 ದಿನ ಓಟ. ಅದರಲ್ಲಿ 3 ದಿನ ಬೆಳಗ್ಗೆ ಒಂದೊಂದು ಗಂಟೆ, ಭಾನುವಾರ ಉದ್ದ ಓಟ. ಉದ್ದ ಓಟ ಮೆಲ್ಲ ಮೆಲ್ಲ ಏರಿ 30 ಕಿಲೋಮೀಟರಿನವರೆಗೆ ಹೋಗುತ್ತದೆ. ಕಿಲೋಮೀಟರಿಗೆ 7 ನಿಮಿಷ ಹಿಡಿದರೆ ಮೂರೂವರೆ ಗಂಟೆ. ಒಟ್ಟು, ಅತಿ ಜಾಸ್ತಿ ಓಡುವ ವಾರದಲ್ಲಿ ಆರೂವರೆ ಗಂಟೆ. ಈಗ ನಮ್ಮ ಕಡೆಯ ಒಂದು ಸಾಮಾನ್ಯ ಶನಿವಾರ ನೋಡಿ. ಏಳೂವರೆಗೆ ಕೂತರೆ ಏಳುವಾಗ ಹನ್ನೊಂದೂವರೆ. ಅಲ್ಲಿಗೆ 4 ಗಂಟೆ ಹೋಯಿತು. ಮರುದಿನ ಮಧ್ಯಾಹ್ನದವರೆಗೆ ತಲೆ ಭಾರ, ಮಕ್ಕಳು ಮಾತಾಡಿಸಿದರೆ ಸಿಟ್ಟು. ಅದು ಇನ್ನೊಂದು 5 ಗಂಟೆ. "ಟೈಮ್ ಇಲ್ಲ ಮಾರಾಯ್ರೆ" ಎನ್ನುವವರಿಗೆ ನಾನು ತೋರಿಸುವುದು ಈ 9 ಗಂಟೆಯನ್ನು.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದಲ್ವಾ, ರಾತ್ರಿ ಕುಡಿದು ಬೆಳಗ್ಗೆ ಓಡಿದರೆ ಎಲ್ಲ ಬೆವರಿನಲ್ಲಿ ಹೋಗುತ್ತದಲ್ವಾ ಎಂದು ಕೇಳುವವರು ಇದ್ದಾರೆ. ಹೋಗುವುದಿಲ್ಲ. ನಮ್ಮಲ್ಲಿ ಸಿಗುವ ರಮ್, ಬ್ರಾಂದಿ, ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. 30 ಮಿ.ಲೀ.ನ ಒಂದು ಸಣ್ಣ ಪೆಗ್ಗಿನಲ್ಲಿ ಅದು ಸುಮಾರು 10 ಗ್ರಾಂ. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ.ನಲ್ಲಿ 60 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಕಾಫಿ ಕುಡಿದರೂ, ತಲೆಗೆ ತಣ್ಣೀರು ಹೊಯ್ದುಕೊಂಡರೂ ಈ ವೇಗ ಹೆಚ್ಚುವುದಿಲ್ಲ. ರಾತ್ರಿ 9ಕ್ಕೆ ಶುರು ಮಾಡಿದ ಕ್ವಾರ್ಟರ್ ಮೈಯಿಂದ ಪೂರ್ತಿ ಇಳಿಯುವಾಗ ಬೆಳಗ್ಗಿನ ಜಾವ 3 ಆಗಬಹುದು, ಐದೂವರೆಯೂ ಆಗಬಹುದು. ನಾನು ಭಾನುವಾರ ಮನೆ ಬಿಡುವುದು 4 ಗಂಟೆಗೆ.

"ನಾನು ಬರೀ ಬಿಯರ್" ಎಂದು ಹೇಳುವವರಿಗೂ ಒಂದು ಮಾತು. 650 ಮಿ.ಲೀ.ನ ಸ್ಟ್ರಾಂಗ್ ಬಿಯರ್ ಶೇ. 8ರದ್ದಾದರೆ ಅದರಲ್ಲಿ 40 ಗ್ರಾಂ ಆಲ್ಕೋಹಾಲ್ ಇದೆ. ನಾಲ್ಕು ಸಣ್ಣ ಪೆಗ್ ಅದು.

ಮತ್ತೆ ನಿದ್ರೆ. ಕುಡಿದರೆ ಬೇಗ ನಿದ್ರೆ ಹತ್ತುತ್ತದೆ, ಅದು ನಿಜ. ಆದರೆ ಅರ್ಧರಾತ್ರಿ ಕಳೆದ ಮೇಲೆ ನಿದ್ರೆ ತುಂಡು ತುಂಡು. ಎದೆ ಬಡಿತ ರಾತ್ರಿಯಿಡೀ ಮಾಮೂಲಿಗಿಂತ ಜೋರು. ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್ ವಾಚ್ ಇದೆ. ಎರಡು ಪೆಗ್ ಹಾಕಿದ ರಾತ್ರಿಯ ಗೆರೆಯನ್ನೂ ಹಾಕದ ರಾತ್ರಿಯ ಗೆರೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಾನು ಹೇಳುವುದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ. ಓಟದಿಂದ ದಣಿದ ಸ್ನಾಯು ರಿಪೇರಿ ಆಗುವುದೂ ನಿದ್ರೆಯಲ್ಲೇ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಸಣ್ಣ ಅಧ್ಯಯನ ಮಾಡಿದ್ದರು. ವ್ಯಾಯಾಮ ಮಾಡಿದ ಮೇಲೆ ಪ್ರೋಟೀನ್ ಜೊತೆಗೆ ಮದ್ಯವನ್ನೂ ಕೊಟ್ಟರು. ಪ್ರೋಟೀನ್ ಮಾತ್ರ ತೆಗೆದುಕೊಂಡದ್ದಕ್ಕೆ ಹೋಲಿಸಿದರೆ ಸ್ನಾಯು ಕಟ್ಟುವ ಕೆಲಸ ಶೇ. 24 ಕಮ್ಮಿ ಆಗಿತ್ತು. ಅವರು ಕೊಟ್ಟದ್ದು ಭಾರೀ ಪ್ರಮಾಣ, 70 ಕಿಲೋ ತೂಕದವರಿಗೆ ಹತ್ತು ಸಣ್ಣ ಪೆಗ್ಗಿನಷ್ಟು. ಅಷ್ಟು ಯಾರು ಕುಡಿಯುತ್ತಾರೆ ಎಂದು ಕೇಳಬೇಡಿ. ಸೀಸನ್ನಿನಲ್ಲಿ ನಮ್ಮ ಊರಿನ ಒಂದು ಗಮ್ಮತ್ತಿಗೆ ಹೋಗಿ ಎಣಿಸಿದರೆ ಗೊತ್ತಾಗುತ್ತದೆ.

ಊಟದ ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಉದ್ದ ಓಟ ನಡೆಯುವುದು ಹಿಂದಿನ ರಾತ್ರಿಯ ಅನ್ನದ ಬಲದಲ್ಲಿ. ಸ್ನಾಯು ಮತ್ತು ಲಿವರಿನಲ್ಲಿ ಕೂಡಿಟ್ಟ ಸಕ್ಕರೆ, ಗ್ಲೈಕೋಜನ್ ಅನ್ನುತ್ತಾರಲ್ವಾ, ಅದು ಸುಮಾರು 30 ಕಿಲೋಮೀಟರಿನ ಹೊತ್ತಿಗೆ ತಳ ಮುಟ್ಟುತ್ತದೆ. ಮುಂದೆ ಕಾಲು ಏಳುವುದಿಲ್ಲ. ಗಮ್ಮತ್ತಿನಲ್ಲಿ ಕೋಳಿ ಸುಕ್ಕ, ಬಂಗುಡೆ ಫ್ರೈ, ಕಡಲೆ ಎಲ್ಲ ಹೊಟ್ಟೆಗೆ ಹೋಗುತ್ತದೆ, ಅನ್ನ ಮಾತ್ರ ಹೋಗುವುದಿಲ್ಲ. ಜೊತೆಗೆ ಲಿವರ್ ಮದ್ಯ ಕರಗಿಸುವ ಕೆಲಸಕ್ಕೆ ನಿಂತರೆ ಹೊಸ ಸಕ್ಕರೆ ತಯಾರಿಸುವುದನ್ನು ಕಮ್ಮಿ ಮಾಡುತ್ತದೆ. ಇನ್ನು ನೀರು. ಮದ್ಯ ಹೊಟ್ಟೆಗೆ ಹೋದರೆ ಮೈ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಮೂತ್ರ ಜಾಸ್ತಿ. ನಮ್ಮ ಕಡಲ ಬದಿಯ ಹವೆಯಲ್ಲಿ ಬೆವರು ಮೈಮೇಲೇ ನಿಲ್ಲುತ್ತದೆ, ಆರುವುದಿಲ್ಲ. ಸೀತಾಂಗೋಳಿ ದಾಟಿ ನಾಯ್ಕಾಪಿಗೆ ಬರುವಾಗ ಶೂ ಒಳಗೆ ನೀರು ಹೊಯ್ದ ಹಾಗೆ ಪಚಪಚ ಅನ್ನುತ್ತದೆ. ಮೊದಲೇ ನೀರು ಕಮ್ಮಿ ಇರುವ ಮೈಯಲ್ಲಿ ಈ ದಾರಿಗೆ ಇಳಿಯಬಾರದು. ಶನಿವಾರ ರಾತ್ರಿ ನನ್ನ ಊಟ ಕುಚ್ಚಲಕ್ಕಿ ಅನ್ನ, ಸಾರು, ಒಂದು ತುಂಡು ಮೀನು, ಉಪ್ಪು ಹಾಕಿದ ಮಜ್ಜಿಗೆ. ಎಂಟೂವರೆಗೆ ಊಟ, ಒಂಬತ್ತಕ್ಕೆ ಹಾಸಿಗೆ.

ಇದನ್ನು ಓದಿ ನಾನು ಕಳ್ಳು, ಶರಾಬು ಎಂದರೆ ಮೂಗು ಮುರಿಯುವವನು ಎಂದು ತಿಳಿಯಬೇಡಿ. ನನ್ನ ಅಜ್ಜ ಮೂರ್ತೆ ಮಾಡುತ್ತಿದ್ದರು. ಬೆಳಗ್ಗೆ, ಸಂಜೆ ತೆಂಗಿನ ಮರ ಹತ್ತಿ ಹೊಂಬಾಳೆ ಕೆತ್ತಿ ಕಳ್ಳು ಇಳಿಸಿಯೇ ಮಕ್ಕಳನ್ನು ಸಾಕಿದ್ದು. ಆಗಷ್ಟೇ ಇಳಿಸಿದ ಕಳ್ಳಿನ ಸಿಹಿ, ಸಂಜೆಗೆ ಅದಕ್ಕೆ ಬರುವ ಹುಳಿ, ಎರಡೂ ನನಗೆ ಗೊತ್ತು. ಅಜ್ಜ ಕುಡಿಯುತ್ತಿದ್ದರು. ಆದರೆ ಸಂಜೆಯ ಮರ ಹತ್ತಿ ಇಳಿದು, ಕತ್ತಿ ತೊಳೆದು, ಮಡಕೆ ಕವುಚಿ ಇಟ್ಟ ಮೇಲೆ ಮಾತ್ರ. ಮರ ಹತ್ತುವ ಮೊದಲು ಒಂದು ತೊಟ್ಟೂ ಇಲ್ಲ. ಯಾರು ಎಷ್ಟೇ ಒತ್ತಾಯ ಮಾಡಲಿ, "ಮರ ಇದೆ" ಎಂದು ಹೇಳಿ ನಡೆದುಬಿಡುತ್ತಿದ್ದರು. ಓಟದ 16 ವಾರ ನನಗೂ ಮರ ಇದೆ. ಆ ದಿನಗಳಲ್ಲಿ ನಾನು ಕುಡಿಯುವುದಿಲ್ಲ. ಉಳಿದ ಕಾಲದಲ್ಲಿ ಎಲ್ಲಾದರೂ ಒಮ್ಮೆ, ಒಂದು ಅಥವಾ ಎರಡು. ಅದೂ ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳುವುದಿಲ್ಲ. ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿಯಾಗಿದೆ.

ಗೆಳೆಯರನ್ನು ಬಿಡಬೇಕಾ? ಬೇಡ. ನಾನು ಈಗಲೂ ಹೋಗಿ ಕೂರುತ್ತೇನೆ. ಲಿಂಬೆ ಸೋಡಾ ಹಿಡಿದುಕೊಂಡು ಅದೇ ಮೀನು, ಅದೇ ಮಾತು. ಮೊದಲ ಸಲ ಎಲ್ಲರೂ "ಎಂತ ಮಾರಾಯ, ಒಂದು ಹಾಕು" ಅನ್ನುತ್ತಾರೆ. ಎರಡನೇ ಸಲ ಕಮ್ಮಿ ಅನ್ನುತ್ತಾರೆ. ಮತ್ತೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅವರನ್ನು ಮನೆಗೆ ಬಿಡಲು ಒಬ್ಬ ಡ್ರೈವರ್ ಸಿಕ್ಕಿರುತ್ತಾನೆ. ಕೇರಳದಲ್ಲಿ ತಿಂಗಳ 1ನೇ ತಾರೀಕು ಡ್ರೈ ಡೇ. ಅವತ್ತು ನಮ್ಮ ಕಡೆಯವರು ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುತ್ತಾರೆ, ರಾತ್ರಿ ಅದೇ ಹೆದ್ದಾರಿಯಲ್ಲಿ ಬೈಕಿನಲ್ಲಿ ತಿರುಗಿ ಬರುತ್ತಾರೆ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಹಲವರಿಗೆ ಎರಡು ಪೆಗ್ಗಿನಲ್ಲೇ ಅದು ದಾಟುತ್ತದೆ. ಹೀಗೆ ಹೋಗಿ ಸತ್ತ ಹುಡುಗರ ಬೊಜ್ಜದ, ಅಂದರೆ ತಿಥಿಯ, ಊಟ ಉಂಡವರು ನಾವು. ಓಡದವರೂ ಈ ಒಂದು ಮಾತನ್ನು ದಯವಿಟ್ಟು ಕೇಳಿ. ಕುಡಿದರೆ ಗಾಡಿ ಮುಟ್ಟಬೇಡಿ.

ಈಗ ಮನೆ. ಇಲ್ಲಿ ನನಗಿಂತ ನನ್ನ ಹೆಂಡತಿ ಹೇಳಿದ ಮಾತೇ ದೊಡ್ಡದು. "ನೀವು ಓಡುವುದಕ್ಕೆ ನನಗೆ ಎಂತ ತೊಂದರೆಯೂ ಇಲ್ಲ. ಓಡಿ ಬಂದು ಮಲಗುವುದು ಬೇಡ." ಮ್ಯಾರಥಾನಿಗೆ ತಯಾರಿ ಮಾಡುವ ಪ್ರತಿಯೊಬ್ಬ ಗಂಡನೂ ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಬೆಳಗ್ಗೆ 4ರಿಂದ ಏಳೂವರೆವರೆಗೆ ನಾನು ಮನೆಯಲ್ಲಿ ಇಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಎಲ್ಲರೂ ನಿದ್ರೆಯಲ್ಲಿ ಇರುತ್ತಾರೆ. ಎಂಟರಿಂದ ಹನ್ನೆರಡರವರೆಗೆ ನಾನು ಸೋಫಾದಲ್ಲಿ ಬಿದ್ದುಕೊಂಡರೆ ಆ ಭಾನುವಾರದ ಕೆಲಸವೆಲ್ಲ ಅವಳ ತಲೆಗೆ. ಹಾಗಾಗಿ ಉದ್ದ ಓಟದ ದಿನದ ತಿಂಡಿ ನನ್ನದು. ಹಿಂದಿನ ರಾತ್ರಿ ನೀರುದೋಸೆಗೆ ಅಕ್ಕಿ ನೆನೆಹಾಕುವುದು ನಾನೇ, ಬಂದು ಕಡೆಯುವುದೂ ನಾನೇ.

30 ಕಿಲೋಮೀಟರ್ ಓಡಿ ಬಂದು ಕಾಯಿ ತುರಿಯುವ ಹೆರೆಮಣೆಯಲ್ಲಿ ಕೂರುವುದು ಎಂದರೆ ಏನು ಎಂದು ಕೂತವರಿಗೇ ಗೊತ್ತು. ತೊಡೆ ನಡುಗುತ್ತದೆ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಕಾಯಿಗಡಿ ಹಿಡಿದು ಮೆಲ್ಲ ಇಳಿಯಬೇಕು. ಮಗಳು ಎದುರು ತಟ್ಟೆ ಹಿಡಿದು ಕೂತು, ಹೆರೆದ ಕಾಯಿಗೆ ಬೆಲ್ಲ ಕಲಸಿ ತಿನ್ನುತ್ತಾ ಅವತ್ತು ದಾರಿಯಲ್ಲಿ ಎಷ್ಟು ನಾಯಿ ಸಿಕ್ಕಿತು, ಬೇಳದ ಇಗರ್ಜಿಯ ಗಂಟೆ ಕೇಳಿತಾ, ಮಳೆ ಬಂತಾ ಎಂದು ಒಂದೊಂದೇ ಕೇಳುತ್ತಾಳೆ. ಕಾಯಿ ಹೆರೆದು ಮುಗಿಯುವವರೆಗೆ ನಮ್ಮ ಮಾತು ಮುಗಿಯುವುದಿಲ್ಲ. ಕುಡಿಯುತ್ತಿದ್ದ ಕಾಲದ ಭಾನುವಾರಗಳಲ್ಲಿ ಈ ಮಾತುಕತೆಗೆ ಜಾಗವೇ ಇರಲಿಲ್ಲ. ಓಟದಿಂದ ನನಗೆ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಇದೇ ಎಂದು ನಂಬಿದ್ದೇನೆ.

ಇನ್ನೊಂದು, ಹೊತ್ತು ಇಬ್ಬರಿಗೂ ಬೇಕು. ವಾರದಲ್ಲಿ ಎರಡು ಸಂಜೆ ಅವಳದ್ದು. ಹಾಡಿನ ಕ್ಲಾಸಿಗೆ ಹೋಗುತ್ತಾಳೋ, ಗೆಳತಿಯರ ಜೊತೆ ಕುಂಬಳೆಗೆ ಹೋಗುತ್ತಾಳೋ, ಸುಮ್ನೆ ಟಿವಿ ನೋಡುತ್ತಾಳೋ, ನಾನು ಕೇಳುವುದಿಲ್ಲ. ಮಕ್ಕಳ ಹೋಂವರ್ಕು, ಅಮ್ಮನ ಮಾತ್ರೆ, ರಾತ್ರಿಯ ಅಡಿಗೆ ಆ ಎರಡು ದಿನ ನನ್ನ ಪಾಲು. ನಾನು ಹೊರಗೆ ಇರುವ ಹೊತ್ತಿಗೂ ಅವಳಿಗೆ ಸಿಗುವ ಹೊತ್ತಿಗೂ ಸರಿ ಹೊಂದದಿದ್ದರೆ ಎಷ್ಟು ಪದಕ ತಂದರೂ ಆ ಮನೆಯಲ್ಲಿ ಖುಷಿ ಇರುವುದಿಲ್ಲ.

ನಮ್ಮ ಊರಿನ ತಾಪತ್ರಯ ಏನೆಂದರೆ, ಮುಂಬೈ ಮ್ಯಾರಥಾನ್ ಜನವರಿಯಲ್ಲಿ. ಅದರ ಉದ್ದ ಓಟಗಳೆಲ್ಲ ಬರುವುದು ಅಕ್ಟೋಬರಿನಿಂದ ಈಚೆಗೆ. ಸರಿಯಾಗಿ ಅದೇ ಹೊತ್ತಿಗೆ ಕೋಲ, ಯಕ್ಷಗಾನ, ಮದುವೆ, ಅಡಿಕೆ ಕೊಯ್ಲು ಎಲ್ಲ ಶುರು. ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಬಿಡುವಿಲ್ಲ. ಮನೆ ದೈವದ ಕೋಲ ಇದ್ದರೆ ರಾತ್ರಿಯಿಡೀ ನಾನು ಅಲ್ಲೇ ಇರುತ್ತೇನೆ. ಮರುದಿನ ಓಟ ಇಲ್ಲ. ಆ ವಾರದ ಉದ್ದ ಓಟ ಹೋಯಿತು ಅಂದರೆ ಹೋಯಿತು. ಒಂದು ಓಟ ತಪ್ಪಿದರೆ 16 ವಾರದ ತಯಾರಿ ಹಾಳಾಗುವುದಿಲ್ಲ. ಅದನ್ನು ಮರುವಾರ ಎರಡು ಪಾಲು ಓಡಿ ತುಂಬಿಸಲು ಹೊರಟವರೇ ಮೊಣಕಾಲು ಹಾಳು ಮಾಡಿಕೊಳ್ಳುವುದು.

ಕೊನೆಗೆ ಎರಡು ಎಚ್ಚರ. ದಿನಾ ಕುಡಿಯುವವರು, ಬೆಳಗ್ಗೆ ಎದ್ದಾಗ ಕೈ ನಡುಗುವವರು, ಇದನ್ನು ಓದಿ ನಾಳೆಯಿಂದ ಪೂರ್ತಿ ಬಂದ್ ಎಂದು ಹೊರಡಬೇಡಿ. ಅಂಥವರು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಬುದ್ಧಿ ಭ್ರಮಣೆಯೂ ಆಗಬಹುದು. ಜೀವಕ್ಕೇ ಅಪಾಯ. ಮೊದಲು ಡಾಕ್ಟರ್. ಕೇರಳ ಸರಕಾರದ ವಿಮುಕ್ತಿ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತದೆ, ಕೇಳಲು ನಾಚಿಕೆ ಬೇಡ. ಎರಡನೆಯದು ಓಡುವವರಿಗೆ. ಮನೆಯ ಜಗಳದಿಂದ ತಪ್ಪಿಸಿಕೊಳ್ಳಲು ಬಾರಿಗೆ ಹೋಗುತ್ತಿದ್ದವನು ಅದೇ ಜಗಳದಿಂದ ತಪ್ಪಿಸಿಕೊಳ್ಳಲು ಶೂ ಹಾಕುವುದನ್ನೂ ನೋಡಿದ್ದೇನೆ. ಬೆಳಗ್ಗೆ ಓಟ, ಸಂಜೆ ಓಟ, ಊಟಕ್ಕೆ ಕೂತರೆ ಬಾಯಲ್ಲಿ ಓಟದ್ದೇ ಮಾತು. ಮನೆಯವರಿಗೆ ಅವನು ಆಗಲೂ ಸಿಗುತ್ತಿರಲಿಲ್ಲ, ಈಗಲೂ ಸಿಗುವುದಿಲ್ಲ.

ಹಾಗಾದರೆ ಮ್ಯಾರಥಾನ್ ಮುಗಿದ ಮೇಲೆ ಒಂದು ಬಿಯರ್ ಕುಡಿಯಬಹುದಾ? ಇದು ಎಲ್ಲರೂ ಕಡೆಗೆ ಕೇಳುವುದು. ಮುಂಬೈಗೆ ನಾವು ಹೋಗುವುದು ಮನೆಮಂದಿಯೆಲ್ಲ ಒಟ್ಟಿಗೆ, ಕಾಸರಗೋಡಿನಿಂದ ನೇತ್ರಾವತಿ ರೈಲಿನಲ್ಲಿ. ಪೆಡ್ಡರ್ ರೋಡಿನ ಏರು ಹತ್ತಿ, ಕೊನೆಯ ಗೆರೆ ದಾಟಿ ಬಂದ ಮೇಲೆ ಮೊದಲು ನೀರು, ಉಪ್ಪು, ಹೊಟ್ಟೆ ತುಂಬ ಅನ್ನ. ಮಧ್ಯಾಹ್ನ ಮಕ್ಕಳ ಜೊತೆ ಮರೀನ್ ಡ್ರೈವ್. ಮೂತ್ರದ ಹಳದಿ ಹೋಗಿ ತಿಳಿ ಆದ ಮೇಲೆ, ರಾತ್ರಿ ಊಟದ ಜೊತೆಗೆ ಬೇಕು ಅನ್ನಿಸಿದರೆ ಒಂದು ಸಣ್ಣ ಬಿಯರ್. ಹೆಚ್ಚಿನ ಸಲ ನನಗೆ ಬೇಕು ಅನ್ನಿಸುವುದಿಲ್ಲ, ಎಂಟು ಗಂಟೆಗೇ ನಿದ್ರೆ ಬಂದಿರುತ್ತದೆ.