ಗಬ್ಬವೋ, ಹುಸಿಯೋ: ಹುಲಿಯ 41ನೇ ದಿನ

ನಮ್ಮ ಹೆಣ್ಣು ಹುಲಿಗೆ ನಿಂತಿರುವುದು ಗಬ್ಬವೋ, ಹುಸಿಗರ್ಭವೋ ಎಂದು ಮಲದ ಹಾರ್ಮೋನು ಅಳೆದು ನೋಡುತ್ತಿದ್ದೇನೆ. ಅವಳು ಗಂಡಿನೊಂದಿಗೆ ಕೂಡಿದ ಕೊನೆಯ ದಿನವನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದೇನೆ. ಇವತ್ತಿಗೆ 41.

12ನೇ ದಿನದ ಮಲದಲ್ಲೇ ಗರ್ಭವನ್ನು ಕಾಯುವ ಹಾರ್ಮೋನು ಪ್ರೊಜೆಸ್ಟರಾನ್‌ನ ಉಳಿಕೆ ಜಿಗಿದಿತ್ತು. ಕೀಪರ್‌ಗಳು ಮರಿಗಳಿಗೆ ಹೆಸರು ಹುಡುಕತೊಡಗಿದರು, ನಾನು ತಣ್ಣೀರೆರಚಿದೆ. ಹುಲಿಯಲ್ಲಿ ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಆಮೇಲೆ ಗರ್ಭ ನಿಲ್ಲಲಿ, ಬಿಡಲಿ, ಅಂಡಾಶಯ ಮಾತ್ರ ಪ್ರೊಜೆಸ್ಟರಾನ್ ಸುರಿಸುತ್ತಲೇ ಇರುತ್ತದೆ. ಹುಸಿಗರ್ಭವಾದರೆ ಒಂದು, ಒಂದೂವರೆ ತಿಂಗಳಲ್ಲಿ ಇಳಿಯುತ್ತದೆ. ನಿಜದ ಗಬ್ಬವಾದರೆ ನೂರು ದಿನ ದಾಟಿ ಈಯುವ ಹೊತ್ತಿನವರೆಗೂ ಮೇಲೇ ನಿಲ್ಲುತ್ತದೆ. ಹಾಗಾಗಿ ಆರಂಭದಲ್ಲೇ ಪತ್ತೆ ಎಂದರೂ ಈ ಹಾರ್ಮೋನನ್ನೇ ನಂಬಿದವರಿಗೆ ಕಾಯುವುದು ತಪ್ಪದು.

ಅಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಕಿಟ್ ಆಗದೇ ಎಂದು ಒಬ್ಬರು ಕೇಳಿದರು. ಆಗದು. ಅದು ಹುಡುಕುವುದು ಮನುಷ್ಯರ ಗರ್ಭದಲ್ಲಿ ಬರುವ ಎಚ್‌ಸಿಜಿ ಎಂಬ ಹಾರ್ಮೋನನ್ನು, ಬೆಕ್ಕಿನ ಕುಲದಲ್ಲಿ ಅದಿಲ್ಲ. ರಕ್ತ ತೆಗೆಯೋಣವೆಂದರೆ ಪ್ರತಿ ಸಲವೂ ಅರಿವಳಿಕೆ ಕೊಡಬೇಕು. ಪುಣ್ಯಕ್ಕೆ ಇವುಗಳ ಪ್ರೊಜೆಸ್ಟರಾನ್‌ನಂಥ ಸ್ಟೀರಾಯ್ಡ್ ಹಾರ್ಮೋನು ಬಹುಪಾಲು ಮಲದಲ್ಲೇ ಹೊರಬೀಳುತ್ತದೆ.

19ರಿಂದ 21ನೇ ದಿನ: ಮೂರೂ ಮಾದರಿ ಚೆಲ್ಲಿದೆ. ಒಂದೇ ಅಂಗಳದಲ್ಲಿ ಎರಡು ಹೆಣ್ಣು ಓಡಾಡುವುದರಿಂದ, ಮಲ ಯಾರದೆಂದು ಗುರುತಿಸಲು ನಮ್ಮವಳ ಮಾಂಸಕ್ಕೆ ನೀಲಿ ಬಣ್ಣ ಬೆರೆಸುತ್ತೇವೆ. ಆ ಮೂರು ದಿನ ಬೆರೆಸಲು ಮರೆತವನು ನಾನೇ. ಗ್ರಾಫಿನ ಖಾಲಿ ಜಾಗಕ್ಕೆ ಗೆರೆ ಎಳೆದುಬಿಡೋಣವೆಂದು ಕೈ ತುರಿಸಿತು. ಎಳೆಯಲಿಲ್ಲ.

33ನೇ ದಿನ ಗ್ರಾಫಿನ ಗೆರೆ ಧಡಕ್ಕನೆ ಬಿತ್ತು. ಹುಸಿ ಎಂದೇ ಬಗೆದು ರಾತ್ರಿ ನಿದ್ದೆಯಿಲ್ಲ. ಬೆಳಿಗ್ಗೆ ಅದೇ ಒಣ ಮಲದ ಪುಡಿಯನ್ನು ಮತ್ತೆ ನೋಡಿದರೆ ತುಂಬ ಮೂಳೆ ಚೂರು, ಕೂದಲು. ಅವಸರದಲ್ಲಿ ಜರಡಿ ಹಿಡಿದಿರಲಿಲ್ಲ. ತೂಕವೆಲ್ಲ ಮೂಳೆಯದ್ದಾದರೆ ಹಾರ್ಮೋನು ಕಮ್ಮಿ ಕಾಣದೆ ಇನ್ನೇನು? ಮತ್ತೆ ಜರಡಿ ಹಿಡಿದು, 0.2 ಗ್ರಾಂ ತೂಗಿ, ಆಲ್ಕೋಹಾಲಿನಲ್ಲಿ ಕುಲುಕಿ ಹಾರ್ಮೋನು ಬಿಡಿಸಿ ಅಳೆದೆ. ಗೆರೆ ಮೇಲೆದ್ದಿತು.

ಅಲ್ಲಿಂದ ಇಲ್ಲಿಯವರೆಗೆ ಇಳಿದಿಲ್ಲ. ಆದರೂ ಕೀಪರ್‌ಗಳಿಗೆ ಹೂಂ ಎನ್ನುತ್ತಿಲ್ಲ. ಇನ್ನು ಹತ್ತು ದಿನ ಹೀಗೇ ನಿಂತರೆ ಹೆಣ್ಣನ್ನು ಪ್ರತ್ಯೇಕ ಗೂಡಿಗೆ ಬಿಡುವ ಮಾತು. ಗಬ್ಬದ ಕೊನೆಯ ಮೂರನೇ ಒಂದು ಭಾಗದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ಹಾರ್ಮೋನಿನಂಥ ವಸ್ತುವಿನ ಉಳಿಕೆಯಾದ ಪಿಜಿಎಫ್‌ಎಂ ಮಲದಲ್ಲಿ ಏರುತ್ತದೆ, ಹುಸಿಗರ್ಭದಲ್ಲಿ ಏರುವುದಿಲ್ಲ. ಐಬೀರಿಯನ್ ಲಿಂಕ್ಸ್ ಎಂಬ ಕಾಡುಬೆಕ್ಕಿನಲ್ಲಿ ಕಂಡುಕೊಂಡ ದಾರಿ ಇದು. ಅದಕ್ಕೆಂದೇ 65ನೇ ದಿನದಿಂದ ಪ್ರತಿ ಮಾದರಿಯನ್ನೂ ಎರಡು ಪೊಟ್ಟಣ ಮಾಡಿ, ಮೈನಸ್ 20ರಲ್ಲಿ ಇಡುತ್ತೇನೆ.

ಮುಂದಿನ ಅಳತೆ ಗುರುವಾರ. ಪರೀಕ್ಷೆಯ 96 ಗುಳಿಗಳ ತಟ್ಟೆ ತುಂಬಲು ಇನ್ನೂ ಎಂಟು ಮಾದರಿ ಬೇಕು.