ಒಂದು ಕೋಶ, ಒಂದೇ ಚುಕ್ಕೆ

ಪೈರಿನ್ ಡೊಮೇನ್ ಅಂದರೆ ಪ್ರೋಟೀನಿನ ಒಂದು ಪುಟ್ಟ ಭಾಗ: ಸುಮಾರು 90 ಅಮೈನೋ ಆಮ್ಲ, ಸಾಮಾನ್ಯವಾಗಿ ಆರು ಹೆಲಿಕ್ಸ್ (ಸುರುಳಿ), ಅಷ್ಟೇ. ಆದರೆ ಕೋಶದೊಳಗೆ ಅಪಾಯ ಗುರುತಿಸುವ ಪ್ರೋಟೀನ್ ಎನ್‌ಎಲ್‌ಆರ್‌ಪಿ3ಯ ಕೆಲವು ಪೈರಿನ್ ಡೊಮೇನ್‌ಗಳು ಒಟ್ಟಿಗೆ ಸೇರಿದರೆ, ಹಾಲಿಗೆ ಹೆಪ್ಪು ಬಿದ್ದ ಹಾಗೆ, ಕೋಶದಲ್ಲಿರುವ ಎಎಸ್‌ಸಿ ಪ್ರೋಟೀನ್ ಎಳೆಎಳೆಯಾಗಿ ಕೂಡಿಕೊಂಡು ಮೈಕ್ರಾನ್ ಗಾತ್ರದ ಒಂದೇ ಚುಕ್ಕೆಯಾಗುತ್ತದೆ. ಅಲ್ಲಿಗೆ ಬಂದ ಕ್ಯಾಸ್ಪೇಸ್-1 ಎಂಬ ಕಿಣ್ವ ಚುರುಕಾಗಿ ಗ್ಯಾಸ್ಡರ್ಮಿನ್-ಡಿ ಎಂಬ ತೂತು ಮಾಡುವ ಪ್ರೋಟೀನನ್ನು ಕತ್ತರಿಸುತ್ತದೆ, ಪೊರೆ ತೂತಾಗುತ್ತದೆ, ಉರಿಯೂತದ ಸಂಕೇತ ಒಯ್ಯುವ ಪ್ರೋಟೀನ್ ಐಎಲ್-1ಬೀಟಾ ಹೊರಬೀಳುತ್ತದೆ. ಹಿಂದಿರುಗುವ ದಾರಿಯೇ ಬಹುತೇಕ ಇಲ್ಲದ ಸ್ವಿಚ್ಚನ್ನು ಕೋಶ ತನ್ನೊಳಗೆ ಇಟ್ಟುಕೊಂಡಿರುವುದು ವಿಚಿತ್ರವೇ.

ಚುಕ್ಕೆ ನೋಡಬೇಕೆಂದರೆ: ಇಲಿಯ ಮೂಳೆಮಜ್ಜೆಯ ಮ್ಯಾಕ್ರೋಫೇಜ್‌ಗಳಿಗೆ (ರೋಗಾಣು ನುಂಗುವ ಕೋಶಗಳಿಗೆ) ಎಲ್‌ಪಿಎಸ್, ಅಂದರೆ ಬ್ಯಾಕ್ಟೀರಿಯಾದ ಹೊರಪೊರೆಯ ಅಂಶ, 3-4 ಗಂಟೆ, ಆಮೇಲೆ ಎನ್‌ಎಲ್‌ಆರ್‌ಪಿ3 ಕೆರಳಿಸುವ ನೈಜೆರಿಸಿನ್ 10 ಮೈಕ್ರೋಮೋಲಾರ್, ಅರ್ಧದಿಂದ ಒಂದು ಗಂಟೆ. ಎಲ್‌ಪಿಎಸ್ ಬಿಟ್ಟರೆ ಎನ್‌ಎಲ್‌ಆರ್‌ಪಿ3 ಸಾಲದು, ಪ್ರೋ-ಐಎಲ್-1ಬೀಟಾ (ಐಎಲ್-1ಬೀಟಾದ ಕತ್ತರಿಸದ ಮೂಲ ರೂಪ) ಅಂತೂ ಇರುವುದೇ ಇಲ್ಲ. ಚುಕ್ಕೆಯಿದ್ದ ಕೋಶಗಳೇ ಮೊದಲು ಸತ್ತು ತೊಳೆಯುವಾಗ ಎದ್ದು ಹೋಗುತ್ತವೆ, ಎಣಿಕೆ ಸುಳ್ಳಾಗುತ್ತದೆ. ಅದಕ್ಕೇ ನೈಜೆರಿಸಿನ್‌ಗೆ ಮುಂಚೆ ಕ್ಯಾಸ್ಪೇಸ್-1 ತಡೆಯುವ ವಿಎಕ್ಸ್-765 ಹಾಕಿ. ಚುಕ್ಕೆ ಆಗುತ್ತದೆ, ಕೋಶ ತಟ್ಟೆಯಲ್ಲೇ ಉಳಿಯುತ್ತದೆ.

ಎಚ್‌ಇಕೆ ಕೋಶಗಳಲ್ಲಿ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಈ ಪ್ರೋಟೀನ್‌ಗಳ ಜೀನ್ ಹೊತ್ತ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್, ಸುರಿಯುವವರಿಗೊಂದು ಮಾತು. ಎಎಸ್‌ಸಿ ಹೆಚ್ಚಾದರೆ ಯಾವ ಸಂಕೇತವೂ ಇಲ್ಲದೆ ತಾನೇ ಚುಕ್ಕೆ ಕಟ್ಟುತ್ತದೆ. ಮೊದಲು ಎಎಸ್‌ಸಿ ಒಂದನ್ನೇ ಹಾಕಿ, ಚುಕ್ಕೆ ಅಪರೂಪವಾಗುವವರೆಗೂ ಪ್ರಮಾಣ ಇಳಿಸಿ, ನಂತರವೇ ಎನ್‌ಎಲ್‌ಆರ್‌ಪಿ3 ಸೇರಿಸಿ. ಆ ಕಂಟ್ರೋಲ್ ಇಲ್ಲದ ಚಿತ್ರ ಎಷ್ಟು ಚೆಂದವಿದ್ದರೂ ನಾನು ನಂಬುವುದಿಲ್ಲ.